ಅಂಬಾರಾಯ ಕಾಕಾನ ಜೋಡಿ ಬಲ್ಬು

ಬ್ಯಾಟರಿ ನಾನು ಕೊಟ್ಟದ್ದು, ನಿಜ. ಆದರೆ ಅದು ಕೆಟ್ಟಿರಲಿಲ್ಲ. ಇದನ್ನು ಪುಣೆಯ ಕೊಂಢವಾದ ಚಹಾದಂಗಡಿಯಲ್ಲಿ ಹೇಳಿದ್ದೇನೆ, ರಿಕ್ಷಾ ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಕ್ಷೌರದ ಖುರ್ಚಿಯಲ್ಲಿ ಗಲ್ಲಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಾಗಲೂ ಹೇಳಿದ್ದೇನೆ. ಒಬ್ಬನೂ ನಂಬಿಲ್ಲ. ಇವತ್ತಿಗೂ ಯಾರದಾದರೂ ಮೊಬೈಲಿನ ಚಾರ್ಜು ಮುಗಿದರೆ ಸಾಕು, ಚಹಾದವನು ನನ್ನ ಕಡೆ ನೋಡಿ, "ಕಾಯ್ ಈರಣ್ಣಾ, ಹೀ ಪಣ ತುಝೀಚ್ ಬ್ಯಾಟರೀ ಕಾ?" ಎನ್ನುತ್ತಾನೆ. ಇದೂ ನಿನ್ನದೇ ಬ್ಯಾಟರಿಯೇನು ಎಂದು. ಕೂತವರೆಲ್ಲ ನಗುತ್ತಾರೆ. ಇಪ್ಪತ್ತು ವರ್ಷದಿಂದ ರಿಕ್ಷಾಗಳ ವಾಯರಿಂಗು ಮಾಡಿ, ಬ್ಯಾಟರಿ ಚಾರ್ಜು ಮಾಡಿ ಬದುಕುತ್ತಿರುವವನು ನಾನು. ನನ್ನ ಅಂಗಡಿಗೆ ಈ ಹೆಸರು ತಂದವನು ಅಂಬಾರಾಯ ಕಾಕಾ. ಅವನು ಸತ್ತು ಒಂದು ಮಳೆಗಾಲ ಕಳೆದಿದೆ. ಆದರೂ ಆ ಸಿಟ್ಟು ನನ್ನಲ್ಲಿ ಹಾಗೇ ಇದೆ. ತನ್ನ ಮನೆಯ ಬೆಳಕು ಯಾಕೆ ಮಂಕಾಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಮುಂದೆ ನನ್ನ ಬ್ಯಾಟರಿಯನ್ನು ಬೈದ.

ಅಂಬಾರಾಯ ಕಾಕಾ ಇಂಡಿ ಕಡೆಯವನು. ನಾನು ಗೋಕಾಕದವನು. ಪುಣೆಯಲ್ಲಿ ಇಷ್ಟು ಹತ್ತಿರವಿದ್ದರೆ ಒಂದೇ ಊರಿನವರ ಹಾಗೆ. ಅವನು ಹರೆಯದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದು ಈ ಊರಿನ ಎಷ್ಟೋ ಕಟ್ಟಡಗಳಿಗೆ ಸ್ಲ್ಯಾಬು ಹಾಕಿದ್ದ. ಅವನ ಜೊತೆ ರಸ್ತೆಯಲ್ಲಿ ನಡೆಯುವುದೇ ಕಷ್ಟ. ಪ್ರತಿ ಕಟ್ಟಡದ ಮುಂದೆ ನಿಲ್ಲುತ್ತಿದ್ದ. "ಇದರ ಆರನೇ ಮಾಳಿಗಿ ಹಾಕುವಾಗ ಮಳಿ ಬಂದಿತ್ತು ನೋಡು. ನನ್ನ ಧೋತರ ಬಿಚ್ಚಿ ಸಿಮೆಂಟಿನ ಮ್ಯಾಲ ಹೊಚ್ಚೀನಿ," ಎನ್ನುತ್ತಿದ್ದ. ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸು ಕೆಳಗೆ ಬೆರಳು ತೋರಿಸುವ ಈ ಮುದುಕನನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಮ್ಮೆ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಕಾಲು ಸೊಟ್ಟಗಾಯಿತು. ಆಮೇಲೆ ಅವನಿಗೆ ವಾಚ್‌ಮನ್ ಕೆಲಸ ಸಿಕ್ಕಿತು. ಕೊಂಢವಾದ ಒಳಗೆ, ಕೋರ್ಟಿನಲ್ಲಿ ದಾವೆ ಬಿದ್ದು ಅರ್ಧಕ್ಕೇ ನಿಂತ ಒಂದು ಕಟ್ಟಡ ಇತ್ತು. ಕಂಬಗಳು ಎದ್ದು ನಿಂತು, ಸರಳುಗಳು ಆಕಾಶಕ್ಕೆ ಚಾಚಿ ತುಕ್ಕು ಹಿಡಿದಿದ್ದವು. ಅದನ್ನು ಕಾಯುವುದೇ ಕೆಲಸ. ಮೂಲೆಯಲ್ಲಿ ತಗಡಿನ ಶೆಡ್ಡು ಕೊಟ್ಟಿದ್ದರು. ಅದರಲ್ಲಿ ಕಾಕಾ, ಅವನ ಹೆಂಡತಿ ಕಾಶವ್ವ ಕಾಕು, ಮಗ ಮಾಂತು. ಕೆಲಸ ನಿಂತಮೇಲೆ ಮಾಲಕರು ಮೀಟರು ಕೂಡ ಕಿತ್ತುಕೊಂಡು ಹೋದರು. ಪಕ್ಕದ ಬಿಲ್ಡಿಂಗಿನಿಂದ ಒಂದು ತಂತಿ ಎಳೆದುಕೊಂಡಿದ್ದ, ಅದರಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಕಾಕಾ ತಾನೇ ಕರೆಂಟು ಕಟ್ಟಿಕೊಂಡ. ಯಾರೋ ಫ್ಲ್ಯಾಟು ಬಿಡುವಾಗ ಎಸೆದುಹೋದ ಸೋಲಾರ್ ಹಲಗೆಯನ್ನು ಹೊತ್ತು ತಂದು ತಗಡಿನ ಮೇಲೆ ಕಟ್ಟಿದ. ನನ್ನ ಅಂಗಡಿಗೆ ಬಂದು, "ಲೇ ಈರಣ್ಣ, ಮೂಲ್ಯಾಗ ಒಂದ ಬ್ಯಾಟರಿ ಸುಮ್ಮನ ಕುಂತದಲ್ಲ. ಅದಕ್ಕ ನನ್ನ ಮನ್ಯಾಗ ಒಂದ ಕೆಲಸ ಕೊಡ್ತೀನಿ ಕೊಡು," ಎಂದ. ರಿಕ್ಷಾದ ಬ್ಯಾಟರಿ, ಹಳೆಯದೇ, ಆದರೆ ಪರೀಕ್ಷೆ ಮಾಡಿ ಇಟ್ಟಿದ್ದು. ಕೊಟ್ಟೆ. ಹನ್ನೆರಡು ವೋಲ್ಟಿನ ಮೂರು ಬಿಳಿ ಬಲ್ಬು ಹಾಕಿದ. ಒಂದು ಬಾಗಿಲಿಗೆ, ಒಂದು ನಡುವೆ, ಒಂದು ಒಲೆಯ ಮೇಲೆ. ಒಲೆಯ ಮೇಲಿನದೇ ಮುಖ್ಯ. ಕಾಶವ್ವ ಕಾಕು ನಸುಕಿನಲ್ಲಿ ಎದ್ದು ನಮ್ಮ ಕಡೆಯ ಹುಡುಗರ ಮೆಸ್ಸಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊದಮೊದಲು ಆ ಬೆಳಕು ಹೇಗಿತ್ತೆಂದರೆ ರೊಟ್ಟಿಯ ಮೇಲಿನ ಬೆರಳಚ್ಚು ಎಣಿಸಬಹುದಿತ್ತು.

ಮಾಂತುವಿನ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಅವನು ಹಿಂಜವಾಡಿಯಲ್ಲಿ ಕಂಪನಿಯ ಕ್ಯಾಬುಗಳನ್ನು ತೊಳೆಯುತ್ತಿದ್ದ. ಡ್ರೈವರ್ ಆಗುವ ಹುಚ್ಚು. ಒಂದು ದಿನ ಲೈಸೆನ್ಸು ಇಲ್ಲದೆ ಗಾಡಿ ಹೊರಗೆ ತೆಗೆದು ಗೋಡೆಗೆ ತಾಗಿಸಿ ಕೆಲಸ ಕಳೆದುಕೊಂಡ. ಮನೆಗೆ ಬಂದಾಗ ಕಾಕಾ ಅವನ ಗೆಳೆಯರ ಮುಂದೆಯೇ ಕೂಗಾಡಿದ. ನಾನು ಅಲ್ಲೇ ಇದ್ದೆ. "ನಡಿ, ಹೋಗು. ನಾ ಕರಿಯೂತನಕ ಈ ಮನಿಗೆ ಬರಬ್ಯಾಡ," ಎಂದ. ಎಲ್ಲ ತಂದೆಯರೂ ಆಡುವ ಮಾತು. ನಾನೂ ನನ್ನ ಮಕ್ಕಳಿಗೆ ಆಡಿದ್ದೇನೆ, ಸಂಜೆ ಊಟಕ್ಕೆ ಅವರೇ ಮೊದಲು ಕೂತಿರುತ್ತಾರೆ. ಮಾಂತು ಹೋದವನು ಬರಲಿಲ್ಲ. ಬೋರ್‌ವೆಲ್ ಗಾಡಿಯವರ ಜೊತೆ ಹೋದ ಎಂದು ಯಾರೋ ಹೇಳಿದರು. ಅವನ ಫೋನು ಬಂದ್ ಆಯಿತು.

ಕಾಶವ್ವ ಕಾಕು ಆಗ ದೇವರ ಮುಂದೆ ನಂದಾದೀಪ ಹಚ್ಚಿದಳು. ಮಗ ಹೊಸ್ತಿಲು ದಾಟಿ ಒಳಗೆ ಬರುವತನಕ ದೀಪ ಆರಬಾರದು, ಆರಿದರೆ ಅವನ ಜೀವಕ್ಕೆ ಒಳ್ಳೆಯದಲ್ಲ ಎಂಬ ಹರಕೆ. ಎಣ್ಣೆ ದೀಪ, ತಗಡಿನ ಶೆಡ್ಡು, ಗೋಡೆಗೆ ಪ್ಲೈವುಡ್. ಒಂದು ದಿನ ಗಾಳಿಗೆ ಕ್ಯಾಲೆಂಡರು ಹೊತ್ತಿಕೊಂಡಿತು. ಕಾಕಾ ಕೈಯಿಂದಲೇ ಬಡಿದು ಆರಿಸಿದ. ಮಾಲಕರ ಮನುಷ್ಯ ಬಂದು, ಒಳಗೆ ಬೆಂಕಿಯ ದೀಪ ಇನ್ನೊಮ್ಮೆ ಕಂಡರೆ ಶೆಡ್ಡು ಖಾಲಿ ಮಾಡಿಸುತ್ತೇನೆ ಎಂದು ಹೇಳಿಹೋದ. ಆಗ ಕಾಕಾ ಹಿತ್ತಾಳೆಯ ಪಣತಿಯೊಳಗೆ ರಿಕ್ಷಾದ ಹಿಂದಿನ ದೀಪದ ಸಣ್ಣ ಬಲ್ಬು ಕೂರಿಸಿ, ಮೇಲೆ ಇಂಡಿಕೇಟರಿನ ಹಳದಿ ಮುಚ್ಚಳ ಹೊಂದಿಸಿ ದೀಪ ಮಾಡಿದ. ಉರಿಯುತ್ತಿದ್ದ ಎಣ್ಣೆದೀಪ ಪಕ್ಕದಲ್ಲಿರುವಾಗಲೇ ಇದನ್ನು ಹೊತ್ತಿಸಿ, ಆಮೇಲೆ ಅದನ್ನು ಶಾಂತ ಮಾಡಿದರು. ಕಾಕು ಮುಚ್ಚಳಕ್ಕೆ ಕುಂಕುಮ ಹಚ್ಚಿದಳು. ಎರಡೂ ಅಂಗೈ ಅದರ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಇದು ಎದರ ಮ್ಯಾಲ ಉರಿತದ ಕಾಕಾ?" ಎಂದು ನಾನು ಕೇಳಿದ್ದೆ.

"ಬ್ಯಾರೆ ಸೆಲ್ಲ ಅದಾವ. ನಿನ್ನ ಬ್ಯಾಟರಿಗೆ ಏನೂ ಸಂಬಂಧ ಇಲ್ಲ," ಎಂದ.

ನಾನು ನಂಬಿದೆ.

ಮಳೆ ಶುರುವಾದ ಮೇಲೆ ಬಿಳಿ ಬಲ್ಬುಗಳು ಮಂಕಾದವು. ಮೊದಲು ಒಲೆಯ ಮೇಲಿನದು, ಆಮೇಲೆ ನಡುವಿನದು. ಮಿಣುಕುಹುಳದ ಹಾಗೆ. ಕಾಶವ್ವ ಕಾಕು ಕತ್ತಲಲ್ಲಿ ಹಂಚಿನ ಅಂಚು ಕಾಣದೆ ಮುಂಗೈ ಸುಟ್ಟುಕೊಂಡಳು. ಮೆಸ್ಸಿನ ಹುಡುಗ ಬಂದು ರೊಟ್ಟಿಯ ಮೇಲೆ ಕಪ್ಪು ಕಲೆ ಎಂದು ತಕರಾರು ಮಾಡಿದ. ಕಾಕಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: "ಈರಣ್ಣನ ಬ್ಯಾಟರಿ. ಹಳೇದು. ಏನ್ ಮಾಡೂದು?"

ಇದು ನನ್ನ ಕಿವಿಗೆ ಬಿತ್ತು. ಅಂಗಡಿಯ ಶಟರ್ ಎಳೆದು, ಕರೆಂಟು ಅಳೆಯುವ ಮೀಟರು ಹಿಡಿದು ಮಧ್ಯಾಹ್ನವೇ ಹೋದೆ.

"ಏನ್ರಿ ಕಾಕಾ, ಊರ ತುಂಬ ನನ್ನ ಮರ್ಯಾದಿ ಹಂಚಾಕ ಹತ್ತೀರಂತ?"

"ಬಾ ಬಾ, ಕುಂದ್ರು. ಚಹಾ ಕುಡಿ."

"ಚಹಾ ಆಮ್ಯಾಲ. ಮೊದಲ ಬ್ಯಾಟರಿ ತೋರ್ಸ್ರಿ."

ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಬೂಸಲಿನ ಹಾಗೆ ಬಿಳಿ ಪುಡಿ ಕೂತಿತ್ತು. ಬಿಸಿನೀರು ಸುರಿದು ತಿಕ್ಕಿ, ಗ್ರೀಸು ಹಚ್ಚಿದೆ. ಬಲ್ಬು ಹಚ್ಚಿ ಅಳೆದರೆ ಬ್ಯಾಟರಿಯ ಬುಡದಲ್ಲಿ ಹನ್ನೊಂದೂವರೆ ವೋಲ್ಟು ಇದೆ, ಒಲೆಯ ಬಲ್ಬಿನ ಹತ್ತಿರ ಹತ್ತೂ ಇಲ್ಲ. ಹಾಗಾದರೆ ನಡುವೆ ತಂತಿಯೇ ತಿನ್ನುತ್ತಿದೆ. ತಂತಿ ನೋಡಿದರೆ ಗಣಪತಿ ಮಂಟಪದ ಸೀರಿಯಲ್ ಲೈಟಿನದು, ಹೊಲಿಗೆ ದಾರದಷ್ಟು ತೆಳುವು. ಮನೆಯ ಕರೆಂಟಿಗೆ ಅದು ನಡೆದೀತು. ಹನ್ನೆರಡು ವೋಲ್ಟಿಗೆ ಅಷ್ಟು ಉದ್ದ ಅಷ್ಟು ಸಣ್ಣ ತಂತಿ ಎಳೆದರೆ ದಾರಿಯಲ್ಲೇ ಅರ್ಧ ಸೋರಿಹೋಗುತ್ತದೆ. ಜೋಡಣೆಗಳನ್ನೋ, ಬರೀ ಬೆರಳಲ್ಲಿ ತಿರುವಿ ಟೇಪು ಸುತ್ತಿದ್ದ. ಒಳಗೆ ತಾಮ್ರ ಹಸಿರಾಗಿತ್ತು.

"ಇಷ್ಟ ಕಟ್ಟಡ ಕಟ್ಟಿ ಇದ ಕಲತ್ರೇನು?" ಎಂದೆ.

"ನಾ ಸ್ಲ್ಯಾಬ್ ಹಾಕಾಂವಪಾ. ವಾಯರಿಂಗ್‌ನವರನ್ನ ದೂರಿಂದ ನೋಡೀನಿ ಅಷ್ಟ."

ದಪ್ಪ ತಂತಿ ಎಳೆದೆ. ಜೋಡಣೆಗಳಿಗೆ ಬೆಸುಗೆ ಹಾಕಿದೆ. ಸಂಜೆ ಒಲೆಯ ಮೇಲಿನ ಬಲ್ಬು ಹತ್ತಿತು. ಕಾಕು, "ಈರಣ್ಣಾ, ನಿನ್ನ ಕೈಗೆ ಬೆಲ್ಲ ಹಾಕಲಿ," ಎಂದಳು. ನಾನು ಎದೆ ಉಬ್ಬಿಸಿಕೊಂಡು ಬಂದೆ.

ನಾಲ್ಕು ದಿನಕ್ಕೆ ಮತ್ತೆ ಮಂಕು. ಚಹಾದಂಗಡಿಯಲ್ಲಿ ಮತ್ತೆ ನನ್ನ ಬ್ಯಾಟರಿ.

ಈ ಸಲ ಬ್ಯಾಟರಿಯನ್ನೇ ಅಂಗಡಿಗೆ ಒಯ್ದು ಪರೀಕ್ಷೆ ಮಾಡುತ್ತೇನೆ ಎಂದೆ. ಕಾಕಾ ಅಡ್ಡ ನಿಂತ. "ಮೊದಲ ಇನ್ನೊಂದು ಬ್ಯಾಟರಿ ತಂದು ಇದರ ಜೋಡಿ ಹಚ್ಚು. ಆಮ್ಯಾಲ ಇದನ್ನ ಬಿಚ್ಚು."

"ಯಾಕ್ರಿ? ಹಗಲ ಹೊತ್ತು ಬಲ್ಬ್ ಯಾಕ ಬೇಕು?"

"ಹೇಳಿದಷ್ಟ ಮಾಡು."

ಹುಚ್ಚು ಹಿಡಿದಿದೆ ಎಂದುಕೊಂಡು ಹಾಗೇ ಮಾಡಿದೆ. ಅಂಗಡಿಯಲ್ಲಿ ಅದನ್ನು ಪೂರ್ತಿ ಚಾರ್ಜು ಮಾಡಿ, ಒಂದು ದಿನ ಸುಮ್ಮನೆ ಇಟ್ಟು ಅಳೆದೆ. ಹನ್ನೆರಡೂಮುಕ್ಕಾಲಿಗೆ ಸ್ವಲ್ಪ ಕಡಿಮೆ. ಹೆಡ್‌ಲೈಟು ಹಚ್ಚಿ ಎಷ್ಟೋ ಹೊತ್ತು ಬಿಟ್ಟರೂ ಬಗ್ಗಲಿಲ್ಲ. ಕಲ್ಲಿನಂಥ ಬ್ಯಾಟರಿ. ಅಂದರೆ ಆ ಮನೆಯಲ್ಲಿ ಯಾವುದೋ ಒಂದು ಹಗಲೂ ರಾತ್ರಿ ಕುಡಿಯುತ್ತಿದೆ.

ಬ್ಯಾಟರಿ ವಾಪಸು ಕೂರಿಸಿದ ದಿನ ಕಾಶವ್ವ ಕಾಕು ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮೂರೂ ಬಲ್ಬು ಬಂದ್ ಮಾಡಿದೆ. ಮೀಟರಿನ ಎರಡು ತುದಿಗಳನ್ನು ಮೊದಲು ಟರ್ಮಿನಲ್ಲಿಗೂ ತಂತಿಗೂ ಹಚ್ಚಿ, ಆಮೇಲೆ ಮೆಲ್ಲಗೆ ತಂತಿ ಜಾರಿಸಿದೆ. ಹಾಗೆ ಮಾಡಿದರೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಸೊನ್ನೆ ತೋರಿಸಬೇಕಾಗಿತ್ತು. ಮುಕ್ಕಾಲು ಆಂಪಿಯರಿಗಿಂತ ಹೆಚ್ಚು ತೋರಿಸಿತು.

ಟರ್ಮಿನಲ್ಲಿನ ಹಿಂದೆ ಕೈ ಆಡಿಸಿದೆ. ಅಡಿಯಿಂದ ಒಂದು ಕೆಂಪು ತಂತಿ ಹೊರಟಿತ್ತು. ಶುದ್ಧ ತಾಮ್ರ, ನನ್ನ ಕಿರುಬೆರಳಿನ ದಪ್ಪ. ಸ್ವಿಚ್ಚಿಲ್ಲ. ಬ್ಯಾಟರಿಯಿಂದ ನೇರ. ಪ್ಲೈವುಡ್ಡಿನ ಹಿಂದೆ ಹಾದು ದೇವರ ಮಾಡದ ಹಿಂದೆ ಹೋಗಿತ್ತು. ಅದರ ಜೋಡಣೆಗಳಿಗೆ ಬೆಸುಗೆ ಹಾಕಿ, ರಬ್ಬರ್ ನಳಿಕೆ ಏರಿಸಿ, ಮೊಳೆ ಬಡಿದು ಸಾಲಾಗಿ ಕೂರಿಸಿದ್ದ. ನನ್ನ ಅಂಗಡಿಯಲ್ಲಿ ಕೂಡ ಅಷ್ಟು ಅಚ್ಚುಕಟ್ಟಾದ ಕೆಲಸ ಆಗುವುದಿಲ್ಲ. ತಾನು ತಿನ್ನುವ ಅನ್ನದ ಮೇಲಿನ ಬಲ್ಬಿಗೆ ಮಂಟಪದ ದಾರ ಕಟ್ಟಿದವನು ಇಲ್ಲಿ ಹೀಗೆ ಮಾಡಿದ್ದ.

ಹಳದಿ ಮುಚ್ಚಳ ಎತ್ತಿದೆ. ಒಳಗೆ ಬಲ್ಬು ಒಂದಲ್ಲ, ಎರಡಿದ್ದವು. ಪಕ್ಕಪಕ್ಕ, ಎರಡೂ ಉರಿಯುತ್ತಿದ್ದವು.

"ಎರಡ ಯಾಕ್ರಿ?"

ಕಾಕಾ ಬಾಗಿಲ ಕಡೆ ನೋಡಿದ. "ಒಂದ ಹಾರಿತಂದ್ರ ಇನ್ನೊಂದ ಇರ್ತದ. ಆಕಿ ನೋಡೂದ್ರೊಳಗ ಹಾರಿದ್ದು ಬದಲಿ ಮಾಡ್ತೀನಿ."

"ಹುಚ್ಚಪ್ಪ! ಇವೆರಡೂ ಸೇರಿ ದಿನಾ ಎಷ್ಟ ಕುಡೀತಾವ ಗೊತ್ತದೇನು? ಮಳಿಗಾಲದಾಗ ನಿಮ್ಮ ಹಲಗಿ ಅದರ ಅರ್ಧಾನೂ ತುಂಬಂಗಿಲ್ಲ. ನನ್ನ ಬ್ಯಾಟರಿ ಕೆಟ್ಟದಂತ! ಎರಡ ದೆವ್ವ ಕುಂದ್ರಿಸಿ ಅದರ ನೆತ್ತರ ಹೀರಾಕ ಹಚ್ಚಿ..." ನನ್ನ ಬಾಯಿಗೆ ಬಂದದ್ದೆಲ್ಲ ಅಂದೆ. "ಒಂದ ತಗೀರಿ. ಇಲ್ಲಾ ಎರಡೂ ತಗೀರಿ. ದೀಪಕ್ಕ ಕೈ ಮುಗದು ಮಗ ಬರೂದಿದ್ರ ಇಷ್ಟೊತ್ತಿಗೆ ಬರ್ತಿದ್ದ."

ಕಾಕಾ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದ. ಕಟ್ಟಿ ಮುಗಿಯದ ಆ ಕಟ್ಟಡದ ಒಳಗೆ, ಒಂದು ಕಂಬದ ಹಿಂದೆ ನಿಲ್ಲಿಸಿದ.

"ಆಂವ ಬರಂಗಿಲ್ಲೋ," ಎಂದ.

ನನಗೆ ಮೊದಲು ತಿಳಿಯಲಿಲ್ಲ.

ಆ ಮಳೆಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ಅವನಿಗೆ ಮನ್ಮಾಡದಿಂದ ಪೊಲೀಸರ ಫೋನು ಬಂದಿತ್ತಂತೆ. ರೈಲು ಹಳಿಯ ಮೇಲೆ ಒಬ್ಬ ಹುಡುಗ ಸಿಕ್ಕಿದ್ದಾನೆ, ಜೇಬಿನ ಚೀಟಿಯಲ್ಲಿ ಈ ನಂಬರ್ ಇದೆ ಎಂದು. ಕಾಕಾ ಹೆಂಡತಿಗೆ ಊರಿನ ಹೊಲದ ಪಾಲಿನ ಕೆಲಸ ಎಂದು ಹೇಳಿ ಹೋದ. ದವಾಖಾನೆಯಲ್ಲಿ ಹೊದಿಕೆ ತೆಗೆದು ತೋರಿಸಿದರು. ಮುಂಗೈ ಮೇಲೆ, ಮಾಂತುವಿಗೆ ಹಿಂದೆ ಊರ ಹೊಲದಲ್ಲಿ ಕುಡುಗೋಲು ಬಡಿದ ಗಾಯದ ಗುರುತು ಇತ್ತು. "ಮುಟ್ಟಿ ನೋಡಿದ್ನಿ. ಭಾಳ ತಣ್ಣಗಿದ್ದ," ಎಂದ ಕಾಕಾ. ಗುರುತಿನವರು ಯಾರೂ ಇಲ್ಲದ ಊರಿನಲ್ಲಿ, ಗೊತ್ತಿಲ್ಲದ ಇಬ್ಬರನ್ನು ಕರೆದುಕೊಂಡು, ತಾನೇ ಬೆಂಕಿ ಇಟ್ಟು ಬಂದ. ಮಗನಿಗೆ ತಂದೆ.

"ಬಂದು ಕಾಕುಗ ಹೇಳಬೇಕಿಲ್ಲೇನ್ರಿ?"

"ಹೇಳಾಕ ಅಂತನ ಬಂದಿದ್ನಿ. ಇಡೀ ದಾರಿ ಮಾತ ಜೋಡಿಸ್ಕೋತ ಬಂದಿದ್ನಿ. ಬಾಗಲ್ದಾಗ ಕಾಲ ಇಟ್ಟಕೂಡ್ಲೇ ಆಕೀನ ಕೇಳಿದ್ಲು, ದಾರ್ಯಾಗ ಎಲ್ಲೆರ ಮಾಂತು ಕಂಡನೇನ್ರಿ ಅಂತ. ಯಾರ ಊರಿಗೆ ಹೋಗಿ ಬಂದ್ರೂ ಕೇಳ್ತಾಳಲ್ಲ, ಹಂಗ. ಇಲ್ಲ ಅಂತ ಬಾಯಿಗೆ ಬಂದುಬಿಡ್ತು." ಅವನು ಕಂಬಕ್ಕೆ ಬೆನ್ನು ಹಚ್ಚಿ ಕುಕ್ಕರುಗಾಲಲ್ಲಿ ಕೂತ. "ಒಮ್ಮಿ ಇಲ್ಲ ಅಂದಮ್ಯಾಲ ಹೆಂಗ ಹೌದು ಅನ್ನಲಿ? ಇಷ್ಟ ದಿನ ದೀಪಕ್ಕ ಕುಂಕುಮ ಹಚ್ಚಿದ್ದು ಸುಳ್ಳಾಗತದ."

ಅವನು ಸೊಟ್ಟ ಕಾಲನ್ನು ಮುಂದೆ ಚಾಚಿಕೊಂಡ.

"ಚೊಲೋ ಹುಡುಗ ಅಲ್ಲ ಆಂವ. ಎಂದೂ ನನ್ನ ಮಾತ ಕೇಳಲಿಲ್ಲ. ಸಾಲಿಗೆ ಹೋಗು ಅಂದ್ರ ಹೋಗಲಿಲ್ಲ, ಗಾಡಿ ಮುಟ್ಟಬ್ಯಾಡ ಅಂದ್ರ ಮುಟ್ಟಿದ. ಮನಿಗೆ ಬರಬ್ಯಾಡ ಅಂದ್ನಿ, ಅದೊಂದ ಮಾತ ಕೇಳಿದ ನೋಡು."

ಮಳೆ ಬಂತು. ಕಾಶವ್ವ ಕಾಕು ಹಿಟ್ಟಿನ ಡಬ್ಬಿಯ ಮೇಲೆ ಸೆರಗು ಮುಚ್ಚಿಕೊಂಡು ಓಡುತ್ತ ಬಂದಳು. ನಮ್ಮಿಬ್ಬರನ್ನು ನೋಡಿ, "ಗಂಡಸರಾಗಿ ಇಲ್ಲಿ ನಿಂತು ಹರಟಿ ಹೊಡೀರಿ, ಹೆಣ್ಣಮಗಳು ತೊಯ್ಸಿಕೊಂಡು ಬರ್ಲಿ," ಎಂದು ನಕ್ಕಳು. "ಏನ ಸಿಕ್ಕಿತೋ ಈರಣ್ಣಾ? ಏನ ಕೆಟ್ಟದ?"

ಕಾಕಾ ನನ್ನ ಮುಖ ನೋಡಿದ. "ಬ್ಯಾಟರೀನ ಕೆಟ್ಟದಂತ," ಎಂದು ತಾನೇ ಹೇಳಿದ. "ಭಾಳ ಹಳೇದಂತ."

ನಾನು ಮೀಟರಿನ ತಂತಿ ಸುತ್ತಿಕೊಳ್ಳುತ್ತ ನಿಂತೆ.

ಆದರೆ ನನ್ನ ಸ್ವಭಾವಕ್ಕೆ ಸುಮ್ಮನಿರುವುದು ಆಗುವುದಿಲ್ಲ. ಹಾದಿಯಲ್ಲಿ ಸಿಕ್ಕಾಗಲೆಲ್ಲ ಕಾಕಾನನ್ನು ತರಾಟೆಗೆ ತೆಗೆದುಕೊಂಡೆ. ಹೇಳಿದ್ರೇನು? ಯಾವಾಗ ಹೇಳ್ತೀರಿ? ಆ ಹೆಣ್ಣಮಗಳಿಗೆ ತನ್ನ ಮಗನ ಸಲುವಾಗಿ ಅಳೂ ಹಕ್ಕು ಇಲ್ಲೇನು? ಅವನು ಪ್ರತಿ ಸಲ ಒಂದು ಹಬ್ಬ ಹಿಡಿಯುತ್ತಿದ್ದ. "ಪಂಚಮಿ ಆಗ್ಲಿ. ಹೇಳಿದ್ರ ವರ್ಷ ತನಕ ಮನ್ಯಾಗ ಹಬ್ಬ ಇಲ್ಲ. ಒಂದ ಉಂಡಿ ತಿನ್ಲಿ." ಪಂಚಮಿ ಆಯಿತು. ಗಣಪತಿ ಆಗಲಿ ಎಂದ. ಗಣಪತಿ ನೀರಿಗೆ ಹೋದ. ದಸರೆಗೆ ಬನ್ನಿ ಕೊಡಲು ನನ್ನ ಮನೆಗೆ ಬಂದವನ ಕೈ ಹಿಡಿದು ಕೇಳಿದರೆ, "ದೀಪಾವಳಿ ಒಂದ ದಾಟಲಿ," ಎಂದ.

ಅಷ್ಟರಲ್ಲಿ ಕಾಕುವಿನ ಮುಂಗೈ ಮತ್ತೊಮ್ಮೆ ಸುಟ್ಟಿತ್ತು. ಸತ್ಯ ಹೇಳುವುದು ಅವನ ಕೆಲಸ. ಬೆಳಕು ಕೊಡುವುದಾದರೂ ನನ್ನ ಕೆಲಸ ಎಂದುಕೊಂಡೆ. ಹಳದಿ ಬಣ್ಣದ ಒಂದು ಎಲ್‌ಇಡಿ ಹುಡುಕಿ ತಂದೆ. ಆ ಜೋಡಿ ಬಲ್ಬು ಕುಡಿಯುವುದರ ಇಪ್ಪತ್ತನೇ ಪಾಲೂ ಅದು ಕುಡಿಯುವುದಿಲ್ಲ. ವರ್ಷಗಟ್ಟಲೆ ಹಾರುವುದಿಲ್ಲ. ಅದನ್ನು ಹಾಕಿದರೆ ನಂದಾದೀಪವೂ ಉಳಿಯಿತು, ಒಲೆಯ ಬಲ್ಬೂ ಉರಿಯಿತು. ಕಾಕಾ ಕೇಳಿ ಮಗುವಿನ ಹಾಗೆ ಖುಷಿಯಾದ. "ಇದನ್ನ ಮೊದಲ ಯಾಕ ತರಲಿಲ್ಲೋ ಖೋಡಿ?" ಎಂದ.

ಕಾಕುವಿಗೆ ಎಲ್ಲ ವಿವರಿಸಿಯೇ ಮಾಡಿದೆವು. ಹಳೆಯವು ಉರಿಯುತ್ತಿರುವಾಗಲೇ ಹೊಸದನ್ನು ಹೊತ್ತಿಸಿ, ಆಮೇಲೆ ಆ ಎರಡನ್ನೂ ಬಿಚ್ಚಿದೆ. ಮುಚ್ಚಳ ಇಟ್ಟರೆ ಮೊದಲಿನಂತೆಯೇ ಬೆಳಕು. ಒಲೆಯ ಬಲ್ಬೂ ಹಚ್ಚಿ ತೋರಿಸಿದೆ. ಕಾಕು ಒಪ್ಪಿದಳು, ಕುಂಕುಮ ಹಚ್ಚಿದಳು. ದಿನದ ಹಾಗೆ ಎರಡೂ ಅಂಗೈಗಳನ್ನು ದೀಪದ ಮೇಲೆ ಹಿಡಿದಳು.

ಹಿಡಿದವಳು ಹಾಗೇ ನಿಂತಳು. ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಕೈಯನ್ನು ಇನ್ನೂ ಕೆಳಗೆ ತಂದು ಮುಚ್ಚಳಕ್ಕೇ ಮುಟ್ಟಿಸಿದಳು.

"ಇದು ತಣ್ಣಗದಲ್ಲೋ."

"ಇದು ಹಂಗ ಇರ್ತದ ಕಾಕು. ಕಾಯಂಗಿಲ್ಲ. ಅದಕ್ಕ ಬ್ಯಾಟರಿ ಉಳೀತದ."

"ಕಾಯಲಿಲ್ಲಂದ್ರ ಕಣ್ಣಿಗೆ ಏನ ಒತ್ತಿಕೊಳ್ಳಲಿ?" ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ದಿನಾ ಮುಂಜಾನೆ ಇದರ ಬಿಸಿ ಕೈಗೆ ತಾಗಿತಂದ್ರ, ಎಲ್ಲೋ ಒಂದ ಕಡೆ ನನ್ನ ಹುಡುಗನ ಮೈ ಬೆಚ್ಚಗ ಅದ ಅಂತ ಸಮಾಧಾನ ಆಗ್ತಿತ್ತು. ತಣ್ಣಗಿನ ದೀಪ ನನಗ ಬ್ಯಾಡ. ತಗೀರಿ ಅದನ್ನ. ಮೊದಲ ತಗೀರಿ."

ನಾನು ಕಾಕಾನನ್ನು ನೋಡಿದೆ. ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಟವೆಲ್ಲಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಿದ್ದ. ಆ ಹೊತ್ತು ಅವನು ಹೇಳುತ್ತಾನೆ ಎಂದು ನಾನು ಖಂಡಿತ ತಿಳಿದಿದ್ದೆ. ಅವನು ಟವೆಲ್ಲು ತೆಗೆದು ತಿರುಗಿ, "ಆಕಿ ಹೇಳಿದಂಗ ಮಾಡು ಈರಣ್ಣ," ಎಂದ.

ಜೋಡಿ ಬಲ್ಬನ್ನು ನನ್ನ ಕೈಯಾರೆ ವಾಪಸು ಕೂರಿಸಿದೆ. ಅವು ಕಾಯುವತನಕ ಕಾಕು ಅಂಗೈ ಹಿಡಿದುಕೊಂಡೇ ನಿಂತಿದ್ದಳು. ಅವತ್ತಿನಿಂದ ಕಾಕಾ ಬಿಳಿ ಬಲ್ಬು ಮೂರನ್ನೂ ಬಿಚ್ಚಿಬಿಟ್ಟ. ಮನೆಗೆಲ್ಲ ಆ ಹಳದಿ ಬೆಳಕೇ. ನಸುಕಿನಲ್ಲಿ ರೊಟ್ಟಿ ಬಡಿಯುವಾಗ ಟಾರ್ಚು ಹಿಡಿದು ಹೆಂಡತಿಯ ಪಕ್ಕದಲ್ಲಿ ಕೂರುತ್ತಿದ್ದನಂತೆ. "ಕೈ ಅಲ್ಲಾಡಸಬ್ಯಾಡ್ರಿ, ರೊಟ್ಟಿ ಕುಣದಂಗ ಕಾಣಸ್ತದ," ಎಂದು ಕಾಕು ಬೈಯುತ್ತಿದ್ದಳಂತೆ. ಕೇಳಿದವರಿಗೆ ಮಾತ್ರ ಅದೇ ಉತ್ತರ: ಈರಣ್ಣನ ಬ್ಯಾಟರಿ.

ಸೋಲಾರ್ ಹಲಗೆಯ ಮೇಲೆ ಧೂಳು ಕೂತರೆ ಅಷ್ಟು ಕರೆಂಟು ಕಡಿಮೆ ಎಂದು ನಾನೇ ಹೇಳಿದ್ದೆ. ಕೊಂಢವಾದಲ್ಲಿ ಧೂಳಿಗೇನು ಬರ. ಕಾಕಾ ದಿನಾ ಮುಂಜಾನೆ ಆ ಸೊಟ್ಟ ಕಾಲಿನಲ್ಲಿ ತಗಡಿನ ಮೇಲೆ ಹತ್ತಿ ಒರೆಸುತ್ತಿದ್ದ. ದೀಪಾವಳಿಯೂ ಮುಗಿದಿತ್ತು. ಎಳ್ಳ ಅಮಾವಾಸ್ಯೆ ಆದ ಮೇಲೆ ಹೇಳುತ್ತೇನೆ, ಇದೇ ಕೊನೆ, ಮನೆದೇವರ ಆಣೆ ಎಂದಿದ್ದ. ಅದಕ್ಕೆ ಮುಂಚೆಯೇ ಒಂದು ಮುಂಜಾನೆ ತಗಡಿನ ಮೇಲೆ ಇಬ್ಬನಿ ಬಿದ್ದಿತ್ತು. ಹತ್ತು ಹನ್ನೆರಡು ಮಾಳಿಗೆ ಎತ್ತರದಲ್ಲಿ ಬಿದಿರಿನ ಮೇಲೆ ನಡೆದ ಮನುಷ್ಯ ಆಳೆತ್ತರದ ಶೆಡ್ಡಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದ. ನಾನು ರಿಕ್ಷಾ ತೆಗೆದುಕೊಂಡು ಹೋಗುವಷ್ಟರಲ್ಲಿ ಮಾತಿರಲಿಲ್ಲ. ದವಾಖಾನೆ ಮುಟ್ಟುವ ಮೊದಲೇ ಹೋದ. ಒರೆಸುವ ಅರಿವೆ ಕೈಯಲ್ಲೇ ಇತ್ತು.

ಹೆಣವನ್ನು ಶೆಡ್ಡಿನ ಮುಂದೆ ತಂದು ಮಲಗಿಸಿದೆವು. ಊರಿನಿಂದ ಅವನ ಅಣ್ಣನ ಮಗ ಅಭಿಲಾಷ ಮಧ್ಯಾಹ್ನಕ್ಕೆ ಬಂದ. ಬೆಂಕಿ ಅವನೇ ಕೊಡಬೇಕು ಎಂದು ಹಿರಿಯರು ಮಾತಾಡಿಕೊಂಡರು. ಕಾಶವ್ವ ಕಾಕು ಎದ್ದು ಅಡ್ಡ ನಿಂತಳು.

"ಅವರಿಗೇನ ಮಗ ಇಲ್ಲೇನು? ಮಾಂತು ಬರ್ಲಿ. ಸುದ್ದಿ ಎ‌ಲ್ಲಾರಿಗೂ ಹೋಗೇದ, ಎಲ್ಲಿದ್ರೂ ಕೇಳಿರ್ತಾನ. ಅಪ್ಪ ಬರಬ್ಯಾಡ ಅಂದಿದ್ದಕ್ಕ ಸಿಟ್ಟ ಮಾಡಿದ್ದ. ಈಗ ಅಪ್ಪನ ಇಲ್ಲಂದ್ರ ಇನ್ನ ಯಾರ ಮ್ಯಾಲ ಸಿಟ್ಟು? ಬರ್ತಾನ. ತಡೀರಿ."

ಹಿರಿಯರು ಹೆಣ ಎತ್ತುವುದನ್ನು ತಡೆದರು. ಅವರಿಗೆ ಗೊತ್ತಿರಲಿಲ್ಲ. ಅಲ್ಲಿದ್ದವರಲ್ಲಿ ಗೊತ್ತಿದ್ದವರು ಇಬ್ಬರೇ, ಒಬ್ಬ ಚಾಪೆಯ ಮೇಲೆ ಮಲಗಿದ್ದ. ಕಾಕು ರಸ್ತೆಯ ಕಡೆ ಮುಖ ಮಾಡಿ ಕೂತಳು. ಯಾವ ಗಾಡಿ ಸದ್ದು ಮಾಡಿದರೂ ಕತ್ತು ಎತ್ತುತ್ತಿದ್ದಳು. ಹೊತ್ತು ಇಳಿಯುತ್ತ ಬಂತು. ಕೊನೆಗೆ ಅವಳ ತಂಗಿಯ ಮಗಳು ರಂಜನಾ ಅವಳನ್ನು ಅಪ್ಪಿ ಹಿಡಿದುಕೊಂಡಳು, ನಾವು ಎತ್ತಿದೆವು. ಸ್ಮಶಾನದ ದಾರಿಯುದ್ದಕ್ಕೂ ನಾನು ಕಾಕಾನನ್ನು ಮನಸ್ಸಿನಲ್ಲೇ ಬೈದೆ. ನನಗೆ ಗೊತ್ತಿದ್ದ ಬೈಗುಳಗಳೆಲ್ಲ ಮುಗಿದು ಅಳು ಬಂತು.

ಶೆಡ್ಡಿಗೆ ಹೊಸ ವಾಚ್‌ಮನ್ ಬರುವವನಿದ್ದ. ರಂಜನಾ ಕಾಕುವನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ಬಂದಳು. ಪಾತ್ರೆ, ಹಾಸಿಗೆ ಟೆಂಪೋದಲ್ಲಿ ಹೋದವು. ದೀಪ ಹೋಗಬೇಕಲ್ಲ, ಆರದೆ. ನಾನು ರಿಕ್ಷಾದ ಸೀಟಿನ ಮೇಲೆ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಕಾಕು ಉರಿಯುವ ಪಣತಿಯನ್ನು ಮಡಿಲಲ್ಲಿ ಹಿಡಿದು ಕೂತಳು. ನಡುವೆ ಆ ಕೆಂಪು ತಂತಿ. ತಗ್ಗು ಬಂದಾಗಲೆಲ್ಲ ನಾನು ಟರ್ಮಿನಲ್ಲನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರು ಬಗ್ಗಿ ನೋಡಿದರು.

"ಮಾಂತೂಗ ಈ ಹೊಸಾ ಮನಿ ಗೊತ್ತಾಗಂಗಿಲ್ಲಲ್ಲೋ ಈರಣ್ಣಾ," ಎಂದಳು ಕಾಕು. "ಶೆಡ್ಡಿನ ಬಾಗಲ ಮ್ಯಾಲ ನಿನ್ನ ನಂಬರ್ ಬರದಿಡು. ಬಂದ್ರ ನಿನಗ ಫೋನ ಮಾಡ್ಲಿ."

ಮರುದಿನ ಹೋಗಿ ತಗಡಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನನ್ನ ನಂಬರ್ ಬರೆದೆ. ಕೆಳಗೆ ಮಾಂತು ಎಂದು ಬರೆದೆ, ಕಾಕು ಹಾಗೇ ಬರೆಯಲು ಹೇಳಿದ್ದಳು. ಈಗಲೂ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಕೈ ಒಂದು ಕ್ಷಣ ನಿಲ್ಲುತ್ತದೆ.

ರಂಜನಾಳ ಮನೆಯಲ್ಲಿ ಒಳ್ಳೆಯ ಕರೆಂಟು ಇದೆ. ಅದರಿಂದಲೇ ಬ್ಯಾಟರಿ ತುಂಬುವಂತೆ ಮಾಡಿಕೊಟ್ಟಿದ್ದೇನೆ. ಆಗಾಗ ಹೋಗಿ ನೋಡುತ್ತೇನೆ, ಜೋಡಿ ಬಲ್ಬಿನಲ್ಲಿ ಒಂದು ಹಾರಿದ್ದರೆ, ಕಾಕು ನೀರು ತರಲು ಹೊರಗೆ ಹೋದ ಹೊತ್ತು ನೋಡಿ ಬದಲಿಸಿ ಬರುತ್ತೇನೆ. ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆ ಮಾತು ಗಂಡನ ಬಾಯಿಂದ ಬರಬೇಕಾದದ್ದು. ನನ್ನ ಬಾಯಿಂದ ಬಂದರೆ ಮಗನ ಜೊತೆ ಗಂಡನನ್ನೂ ಅವಳಿಂದ ಕಿತ್ತುಕೊಂಡ ಹಾಗೆ.

ಅಂಬಾರಾಯ ಕಾಕಾ ಯಾರ ಬಾಕಿಯನ್ನೂ ಇಟ್ಟುಕೊಂಡ ಮನುಷ್ಯನಲ್ಲ. ಸೇದಲು ಕೊಟ್ಟ ಬೀಡಿಯನ್ನೂ ಮರುದಿನ ತಿರುಗಿ ಕೊಡುತ್ತಿದ್ದ. ಆದರೆ ಸತ್ತ ಹುಡುಗನಿಗೆ ಅವನ ತಾಯಿಯ ಅಳು ಸಲ್ಲಬೇಕಾಗಿತ್ತು. ಅದನ್ನು ಕಾಕಾ ತನ್ನಲ್ಲೇ ಹಿಡಿದಿಟ್ಟುಕೊಂಡು ಹೋದ. ಕಾಕು ತನ್ನ ಗಂಡನಿಗಾಗಿ ಅತ್ತಳು, ಬಳೆ ಒಡೆದಳು, ದಿನ ಮಾಡಿದಳು. ಮಾಂತುವಿಗೆ ಸೇರಬೇಕಾದ ಒಂದು ಹನಿಯೂ ಅವನಿಗೆ ಇನ್ನೂ ಸಂದಿಲ್ಲ.